ನಡು ಹೇಳುವವಳು

ನಮ್ಮೂರಿನ ಟಿವಿಗಳಿಗೆ ನಡು ಇಲ್ಲ. ಪರದೆಯ ಸುತ್ತ ಎಲ್ಲವೂ ಇರುತ್ತದೆ. ಆಕಾಶ, ತೆಂಗಿನ ಗರಿ, ಮಂತ್ರಿಗಳ ಹಾರ, ನಾಯಕಿಯ ಜಡೆ. ಸರಿಯಾಗಿ ಮಧ್ಯದಲ್ಲಿ ಮಾತ್ರ ಗುಂಡಗೆ ಒಂದು ಕಪ್ಪು. ಸಣ್ಣ ಟಿವಿಯಾದರೆ ಒಬ್ಬಟ್ಟಿನಷ್ಟು, ದೊಡ್ಡದಾದರೆ ರೊಟ್ಟಿಯಷ್ಟು. ಆ ಕಪ್ಪಿನ ಸುತ್ತ ಚಿತ್ರ ಬೀಸುಕಲ್ಲಿನ ಹಾಗೆ ಮೆಲ್ಲಗೆ ತಿರುಗುತ್ತಿರುತ್ತದೆ. ಹೊರಗಿನಿಂದ ತಂದ ತೆಳ್ಳನೆಯ ಹೊಸ ಟಿವಿಗಳು ಊರ ಸೇತುವೆ ದಾಟುತ್ತಿದ್ದಂತೆಯೇ ಕುರುಡಾಗುತ್ತವೆ. ಹಾಗಾಗಿ ನಮ್ಮಲ್ಲಿ ಇನ್ನೂ ಬೆನ್ನು ಉಬ್ಬಿದ ಹಳೆಯ ಟಿವಿಗಳೇ. ಮೇಲಿನ ಬೀದಿಗಳಲ್ಲಿ ಚಿತ್ರ ಬಲಕ್ಕೆ ತಿರುಗುತ್ತದೆ, ಕೆಳಗಿನ ಬೀದಿಗಳಲ್ಲಿ ಎಡಕ್ಕೆ. ಬಲಮುರಿ ಬೀದಿ, ಎಡಮುರಿ ಬೀದಿ ಅಂತಲೇ ನಮ್ಮ ವಿಳಾಸ. ಯಾಕೆ ಹೀಗೆ ಎಂದು ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮೂರಿನಲ್ಲಿ ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ನೀವು ಕೂತು ಯೋಚಿಸಿದ್ದೀರಾ?

ಒಂದು ಟಿವಿ ನೋಡಬೇಕಾದರೆ ನಮ್ಮಲ್ಲಿ ಇಬ್ಬರು ದುಡಿಯಬೇಕು. ಒಬ್ಬರು ಟಿವಿಯ ಹಿಂದೆ ಕೂತು, ಗಾಜಿನ ಕೊರಳಿಗೆ ತೊಡಿಸಿದ ಅಯಸ್ಕಾಂತದ ಬಳೆಯನ್ನು ಚಿತ್ರಕ್ಕೆ ಎದುರಾಗಿ ತಿರುಗಿಸುತ್ತಿರಬೇಕು. ಇಲ್ಲದಿದ್ದರೆ ಮುಖ್ಯಮಂತ್ರಿಗಳು ಭಾಷಣದ ಮಧ್ಯೆ ತಲೆಕೆಳಗಾಗುತ್ತಾರೆ. ಎಷ್ಟು ತಿರುಗಿಸಿದರೂ ಅಂಚಿನಲ್ಲಿರುವ ಸಣ್ಣಪುಟ್ಟ ವಸ್ತುಗಳು ಕಲಸಿಕೊಂಡೇ ಕಾಣುತ್ತವೆ, ಅದಕ್ಕೆ ಮದ್ದಿಲ್ಲ. ಇನ್ನೊಬ್ಬರು ಪರದೆಯ ಪಕ್ಕ ಮಣೆ ಹಾಕಿಕೊಂಡು ಕೂತು ನಡು ಹೇಳಬೇಕು. ಅಂದರೆ, ಆ ಕಪ್ಪಿನೊಳಗೆ ಏನಾಗುತ್ತಿದೆ ಎಂದು ಊಹಿಸಿ ಹೇಳಬೇಕು. ಬೌಲರನ ಕೈಬಿಟ್ಟ ಚೆಂಡು ಕಪ್ಪಿನೊಳಗೆ ಹೊಕ್ಕಿತೋ, ಅದು ಪುಟಿಯಿತು, ಬ್ಯಾಟಿನ ಅಂಚು ಸವರಿತು, ಕೀಪರನ ಕೈಯಿಂದ ಜಾರಿತು ಎಂದೆಲ್ಲ ಉಸಿರು ಬಿಡದೆ ಹೇಳಿ, ಅದು ಈಚೆ ಬರುವ ಹೊತ್ತಿಗೆ ಲೆಕ್ಕ ಸರಿಹೋಗುವಂತೆ ನೋಡಿಕೊಳ್ಳಬೇಕು. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹಾಡು ಹೇಳಿಸುವುದಿಲ್ಲ, ನಡು ಹೇಳಿಸುತ್ತಾರೆ. ನನಗೆ ಅದು ಒಂಚೂರೂ ಬರುತ್ತಿರಲಿಲ್ಲ. ಎಡಮುರಿ ಬೀದಿಯಿಂದ ಬಲಮುರಿ ಬೀದಿಗೆ ಸೊಸೆಯಾಗಿ ಬಂದ ನನ್ನನ್ನು ನಮ್ಮತ್ತೆ ಸೀದಾ ಟಿವಿಯ ಹಿಂದಕ್ಕೆ ಕಳಿಸಿದರು. ವರ್ಷವಿಡೀ ಬಳೆಯನ್ನು ಉಲ್ಟಾ ತಿರುಗಿಸಿ ಬೈಸಿಕೊಂಡೆ.

ನಮ್ಮತ್ತೆ ತಿಮ್ಮಾಜಮ್ಮನ ಹಾಗೆ ನಡು ಹೇಳುವವರು ಊರಿನಲ್ಲೇ ಇರಲಿಲ್ಲ. ಸಂಜೆಯಾದರೆ ಬೀದಿಯೇ ನಮ್ಮ ಹಜಾರದಲ್ಲಿ ನೆರೆಯುತ್ತಿತ್ತು. ಬಂದವರು ಪರದೆ ನೋಡುತ್ತಿರಲಿಲ್ಲ, ಅತ್ತೆಯ ಬಾಯಿ ನೋಡುತ್ತಿದ್ದರು. ಅತ್ತೆ ಮಾತ್ರ ಕಣ್ಣು ಕೀಲಿಸಿ ಆ ಕಪ್ಪನ್ನೇ ದಿಟ್ಟಿಸುತ್ತ, ಕೈಯಲ್ಲಿ ಹತ್ತಿ ಹಿಡಿದು ತೊಡೆಯ ಮೇಲೆ ದೀಪದ ಬತ್ತಿ ಹೊಸೆಯುತ್ತ ಹೇಳುತ್ತಿದ್ದರು. ಅವರು ಹೇಳಿದ ನಾಯಕಿಯರು ನಿಜವಾದ ನಾಯಕಿಯರಿಗಿಂತ ಲಕ್ಷಣವಾಗಿದ್ದರು ಎಂದು ಊರು ಬಿಟ್ಟು ನೋಡಿ ಬಂದವರೇ ಒಪ್ಪಿಕೊಂಡಿದ್ದರು.

ಈ ವಿದ್ಯೆಯೇ ಅವರಿಗೆ ಮುಳುವಾಯಿತು. ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಗುರುಮಲ್ಲಪ್ಪನವರ ಹೆಂಡತಿ ಹಾಸಿಗೆ ಹಿಡಿದಿದ್ದರು. ಆಕೆಗೆ ಒಂದು ಧಾರಾವಾಹಿಯ ಅಜ್ಜಿಯೆಂದರೆ ಪ್ರಾಣ. ಆ ಅಜ್ಜಿ ಒಂದು ದಿನ ಕಪ್ಪಿನೊಳಗೇ ಸತ್ತಳು. ಅತ್ತೆ ಅವಳನ್ನು ಸಾಯಿಸಲಿಲ್ಲ. ಸುತ್ತ ಎಲ್ಲರೂ ಅಳುತ್ತಿದ್ದರೆ, ಅಜ್ಜಿ ಕಾಶಿಗೆ ಹೊರಟಳು, ಅದಕ್ಕೇ ಈ ಅಳು ಎಂದರು. ಅಜ್ಜಿ ಕಾಶಿಯಿಂದ ಬಂದಳು, ಮೊಮ್ಮಗನಿಗೆ ಬುದ್ಧಿ ಹೇಳಿದಳು, ಚಕ್ಕುಲಿ ಕರಿದಳು. ಅತ್ತೆಯ ಮಗಳು ವನಜಾಕ್ಷಿಗೆ ಅಜ್ಜಿ ಸತ್ತ ವಿಷಯ ಹೊರಗಿನ ಊರಿನವರಿಂದ ಗೊತ್ತಾಯಿತು. ನನ್ನ ನಾದಿನಿ ಅತ್ತೆಯಷ್ಟೇ ಗಟ್ಟಿ ಬಾಯಿಯವಳು, ಸುಳ್ಳು ಕಂಡರೆ ಮೈಯೆಲ್ಲ ಉರಿಯುವವಳು. ತುಂಬಿದ ಹಜಾರದಲ್ಲಿ ಎದ್ದು ನಿಂತು, "ಆ ಮುದುಕಿ ಸತ್ತು ಯುಗಾದಿ ಹೋಗಿ ದೀಪಾವಳಿ ಬಂತು! ನಮ್ಮಮ್ಮ ಹೇಳೋದೆಲ್ಲ ಬರೀ ಬುರುಡೆ," ಎಂದುಬಿಟ್ಟಳು. ಧಾರಾವಾಹಿಗೆಂದು ಎತ್ತಿ ತಂದು ಚಾಪೆಯ ಮೇಲೆ ದಿಂಬಿಗೊರಗಿಸಿದ್ದ ಗುರುಮಲ್ಲಪ್ಪನವರ ಹೆಂಡತಿ ಮಗುವಿನ ಹಾಗೆ ಅಳತೊಡಗಿದರು. ಅತ್ತೆಯ ಮುಖ ಬಿಳುಚಿಕೊಂಡಿತು.

"ಇನ್ಮೇಲೆ ನನಗೆ ನಿನ್ನ ಮುಖ ತೋರಿಸ್ಬೇಡ," ಎಂದರು.

ನಮ್ಮೂರಿನಲ್ಲಿ ಮುನಿಸಿಕೊಂಡವರು ಬಾಯಿ ಮಾಡುವುದಿಲ್ಲ. ತಮ್ಮ ಲೋಟವನ್ನು ಬೋರಲು ಹಾಕಿ ಎದ್ದುಹೋಗುತ್ತಾರೆ. ಅದನ್ನು ಬೇರೆ ಯಾರೂ ಮುಟ್ಟಕೂಡದು. ಮುನಿಸು ಇಳಿದಾಗ ಅವರೇ ಬಂದು ಲೋಟ ನೆಟ್ಟಗೆ ಮಾಡಿ ಮುಂದೆ ತಳ್ಳುತ್ತಾರೆ, ಇನ್ನೊಬ್ಬರು ಮಾತಿಲ್ಲದೆ ನೀರು ಹಾಕುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು. ಕೆಲವು ಮನೆಗಳಲ್ಲಿ ಇದು ದಿನಕ್ಕೆರಡು ಸಲ ನಡೆಯುತ್ತದೆ. ವನಜಾಕ್ಷಿ ಅಂದು ಅಡುಗೆಮನೆಯ ಗೂಡಿನಲ್ಲಿ ತನ್ನ ಸ್ಟೀಲ್ ಲೋಟವನ್ನು ಬೋರಲು ಹಾಕಿ ಊರು ಬಿಟ್ಟವಳು ಮತ್ತೆ ಬರಲೇ ಇಲ್ಲ. ನಾನು ಗೂಡು ಒರೆಸುವಾಗಲೂ ಆ ಲೋಟವನ್ನು ಬಿಟ್ಟು ಸುತ್ತ ಒರೆಸುತ್ತಿದ್ದೆ.

ಹೋದವಳು ಏನಾದಳು ಗೊತ್ತೇ? ಟಿವಿಯಲ್ಲಿ ಸುದ್ದಿ ಓದುವವಳಾದಳು. ಸುದ್ದಿ ಓದುವವರ ಮುಖ ಎಲ್ಲಿರುತ್ತದೆ? ಸರಿಯಾಗಿ ನಡುವಿನಲ್ಲಿ. ದಿನಾ ಸಂಜೆ ಏಳಕ್ಕೆ ನಮ್ಮ ಹಜಾರದಲ್ಲಿ ವನಜಾಕ್ಷಿಯ ದನಿ ಕೇಳುತ್ತಿತ್ತು, ಭುಜದ ಮೇಲಿನ ಸೆರಗು ಕಾಣುತ್ತಿತ್ತು, ಮೇಜಿನ ಮೇಲೆ ಏನೇನೋ ಸಾಮಾನು ಕಲಸಿಕೊಂಡು ತಿರುಗುತ್ತಿತ್ತು. ಮುಖ ಇರಬೇಕಾದಲ್ಲಿ ರೊಟ್ಟಿಯಷ್ಟು ಕಪ್ಪು. ತಾಯಿ ಹೇಳಿದ್ದನ್ನು ಮಗಳು ಅಕ್ಷರಶಃ ಪಾಲಿಸಿದ್ದಳು. ಅತ್ತೆ ಆ ಮುಖವನ್ನೂ ಹೇಳಿದರು. "ಇವತ್ತು ಸಣ್ಣ ಕುಂಕುಮ ಇಟ್ಟವ್ಳೆ. ಕೆನ್ನೆ ತುಂಬ್ಕಂಡದೆ. ಮೂಗುಬೊಟ್ಟು ಹೊಳೀತಾ ಅದೆ, ನಗ್ತಾವ್ಳೆ." ಪ್ರವಾಹದ ಸುದ್ದಿ ಓದುವಾಗಲೂ ವನಜಾಕ್ಷಿ ನಗುತ್ತಿದ್ದಳು ಪಾಪ. ಯಾರೂ ಬುರುಡೆ ಎನ್ನಲಿಲ್ಲ. ಹಬ್ಬಹರಿದಿನದಲ್ಲಿ ನಮ್ಮ ಯಜಮಾನರು ತಂಗಿಗೆ ಫೋನು ಮಾಡಿದರೆ ಅವಳು ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳಂತೆ. "ಅಮ್ಮ ಸುದ್ದಿ ನೋಡ್ತಾಳಾ?" ದಿನಾ ನೋಡ್ತಾಳೆ ಎನ್ನುತ್ತಿದ್ದರು ಇವರು. "ನೋಡಿ ಏನೂ ಹೇಳಲಿಲ್ವಾ?" ಇಲ್ಲ ಎನ್ನುತ್ತಿದ್ದರು. ಅವಳು ಫೋನಿಡುತ್ತಿದ್ದಳು. ಓದುವುದು ಚೆನ್ನಾಗಿದೆ ಅನ್ನಿಸಿಕೊಳ್ಳುವ ಆಸೆ ಇರಬೇಕು ಎಂದು ನಾವಂದುಕೊಂಡೆವು.

ಹೀಗಿರುವಾಗ ಅರುಂಧತಿ ಮೇಡಂ ಬಂದರು. ಭೌತಶಾಸ್ತ್ರದ ಸಂಶೋಧನೆಯವರು, ಐವತ್ತು ದಾಟಿದವರು, ಒಂದು ಗಳಿಗೆ ಒಂದೆಡೆ ನಿಲ್ಲದವರು. ನಮ್ಮ ಅಟ್ಟದ ಕೋಣೆ ಬಾಡಿಗೆಗೆ ಹಿಡಿದು ಪಂಪು, ತಂತಿ, ಪೆಟ್ಟಿಗೆಗಳನ್ನು ಏರಿಸಿದರು. ಮೊದಲ ದಿನವೇ ನಮ್ಮ ಟಿವಿಯ ಮುಂದೆ ಮಂಡಿಯೂರಿ ಕೂತು, ಕಪ್ಪು ಚುಕ್ಕೆಯನ್ನು ದೇವರ ಪಟ ನೋಡುವಂತೆ ನೋಡಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಅತ್ತೆಗೆ ಗಾಬರಿಯಾಯಿತು.

"ನಿಮಗಿದರ ಬೆಲೆ ಗೊತ್ತಿಲ್ಲಮ್ಮ," ಎಂದರು ಮೇಡಂ. "ಟಿವಿ ಟ್ಯೂಬಿನ ಹಿಂಭಾಗದಿಂದ ಎಲೆಕ್ಟ್ರಾನುಗಳ ಧಾರೆ ಪರದೆಗೆ ಬರುತ್ತೆ. ಬೇರೆ ಊರುಗಳಲ್ಲಿ ಅದು ನೆಟ್ಟಗೆ ಬರುತ್ತೆ. ನಿಮ್ಮೂರಲ್ಲಿ, ನೀವು ಹೊಸೀತಿದೀರಲ್ಲ ಈ ಬತ್ತಿ ಥರ, ಮುರಿ ಸುತ್ತಿಕೊಂಡು ಬರುತ್ತೆ."

"ಮುರಿ ಬಿದ್ರೆ ನಡು ಯಾಕೆ ಖಾಲಿ ಆಗ್ಬೇಕು?" ಎಂದರು ಅತ್ತೆ.

"ಎಲೆಕ್ಟ್ರಾನು ಅಲೆ ಥರಾನೂ ಇರುತ್ತಮ್ಮ. ಸುತ್ತುತ್ತಾ ಬರೋವಾಗ ಒಂದು ಪಕ್ಕದಲ್ಲಿ ಅಲೆ ಏರಿದ್ರೆ ಎದುರು ಪಕ್ಕದಲ್ಲಿ ಇಳಿದಿರುತ್ತೆ. ನಡುವಿಗೆ ಬಂದಾಗ ಏರಿದ್ದು ಇಳಿದಿದ್ದು ಎರಡೂ ಸೇರಿ ಒಂದನ್ನೊಂದು ಅಳಿಸಿಬಿಡುತ್ತೆ. ಅಲ್ಲಿ ಏನೂ ಉಳಿಯಲ್ಲ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಎರಡು ಕಡೆಯೋರೂ ಬಿಟ್ಟುಕೊಡದೆ ಹೋದ್ರೆ ಹಂಗೇ ಆಗೋದು," ಎಂದು ಎದ್ದು ಒಳಗೆ ಹೋದರು.

ಮೇಡಂ ನನ್ನನ್ನು ಅಟ್ಟಕ್ಕೆ ಕರೆದು ತಮ್ಮ ಯಂತ್ರ ತೋರಿಸಿದರು. ಧೂಳಿಗಿಂತ ಸಣ್ಣ ಚಿನ್ನದ ಕಣವೊಂದು, ಯಾರೂ ಮುಟ್ಟದೆ, ಮುರಿಬಿದ್ದ ಧಾರೆ ತಗುಲಿದ್ದಕ್ಕೇ ಬುಗುರಿಯ ಹಾಗೆ ಸುತ್ತುತ್ತಿತ್ತು. ಇನ್ನೊಂದು ಉಪಯೋಗವನ್ನೂ ಹೇಳಿದರು. ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದಂತೆ, ಕೆಲವು ಹರಳುಗಳು ಎಲ್ಲದರಲ್ಲೂ ಒಂದೇ ಆಗಿದ್ದು ತಿರುವು ಮಾತ್ರ ಬೇರೆಯಾಗಿರುತ್ತವಂತೆ. ಔಷಧದ ಕಣಗಳಲ್ಲೂ ಹಾಗೆಯೇ, ಒಂದು ಗುಣ ಮಾಡಿದರೆ ಅದರ ಜೋಡಿ ಕೆಡುಕು ಮಾಡಬಹುದಂತೆ. ನೆಟ್ಟಗಿನ ಧಾರೆಗೆ ಅವೆರಡರ ವ್ಯತ್ಯಾಸ ತಿಳಿಯುವುದು ಕಷ್ಟ, ಮುರಿಬಿದ್ದ ಧಾರೆ ಮುಂದೊಂದು ದಿನ ಸುಲಭವಾಗಿ ಗುರುತು ಹಿಡಿಯಬಹುದು ಎಂಬುದು ಅವರ ಆಸೆ. "ಇದಕ್ಕಾಗಿ ನಾವು ವರ್ಷಗಟ್ಟಲೆ ಒದ್ದಾಡ್ತೀವಿ ಚಂಪಾ. ನೀವು ಇದರಲ್ಲಿ ಧಾರಾವಾಹಿ ನೋಡ್ತಿದೀರಿ!"

ಆಮೇಲೆ ಹತ್ತಿಯಲ್ಲಿ ಸುತ್ತಿಟ್ಟಿದ್ದ ಒಂದು ಜಾಲರಿ ತೆಗೆದರು. ಉಗುರಿಗಿಂತ ಚಿಕ್ಕದು. ಸೂಕ್ಷ್ಮದರ್ಶಕದಡಿ ನೋಡಿದರೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು, ನಟ್ಟನಡುವೆ ಒಂದು ಹಲ್ಲು ಹೆಚ್ಚಿಗೆ ಹುಟ್ಟಿ ಕವಲಾಗಿದೆ. ಬೇರೆ ಊರಿನಲ್ಲಿ ಅವರು ನೆಟ್ಟಗಿನ ಧಾರೆಯನ್ನು ಇಂಥ ಕವಲಿನ ಮೂಲಕ ಹಾಯಿಸಿಯೇ ಮುರಿ ಹಾಕುವುದು. ಇಲ್ಲಿ ಅದನ್ನೇ ಎದುರು ದಿಕ್ಕಿಗೆ ಇಟ್ಟರೆ ಮುರಿ ಬಿಚ್ಚಿಕೊಳ್ಳುತ್ತದೆ, ಕಪ್ಪು ಮುಚ್ಚುತ್ತದೆ. ಸರಿಯಾಗಿ ಮುಚ್ಚಿದರೆ ನಮ್ಮೂರಿನ ಧಾರೆಯಲ್ಲಿ ಒಂದೇ ಸುತ್ತಿನ ಮುರಿ ಇದೆ ಎಂದು ಸಾಬೀತಾಗುತ್ತದೆ. ಅವರಿಗೆ ಬೇಕಾದದ್ದು ಅಷ್ಟೇ. ಜಾಲರಿ ಇರುವುದು ಒಂದೇ, ಧಾರೆಯ ಏಟಿಗೆ ಒಂದು ಸಂಜೆ ತಡೆದರೆ ಹೆಚ್ಚು ಎಂದರು.

ಸುದ್ದಿ ಬೀದಿಯಲ್ಲಿ ಹಬ್ಬಿತು. ಒಂದೇ ಒಂದು ಸಂಜೆ ನಡು ಕಾಣುವುದಾದರೆ ಅದು ತಿಮ್ಮಾಜಮ್ಮನ ಮನೆಯಲ್ಲೇ, ಏಳರ ಸುದ್ದಿಯಲ್ಲೇ ಎಂದು ಎಲ್ಲರೂ ತೀರ್ಮಾನಿಸಿದರು. ಅತ್ತೆಯನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಮತ್ತೆ ಅದೇ ಜಾಗದಲ್ಲಿಡುವರು. ಬಾಗಿಲಿಗೆ ಹೋಗುವರು, ಯಾಕೆ ಹೋದೆ ಎಂಬುದನ್ನು ಮರೆತು ವಾಪಸು ಬರುವರು. ಬುಟ್ಟಿ ತುಂಬಿ ಚೆಲ್ಲುವಷ್ಟು ಬತ್ತಿ ಹೊಸೆದರು. ಇಡೀ ಬೀದಿ ವರ್ಷವಿಡೀ ಹಚ್ಚಿದರೂ ಮುಗಿಯುತ್ತಿರಲಿಲ್ಲ. ಅವರ ಚಡಪಡಿಕೆ ನನಗೂ ಅಂಟಿ, ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ನಮ್ಮ ಯಜಮಾನರು ಊಟ ಬಿಟ್ಟು ಎದ್ದರು.

"ಬೇಡ ಅಂತ ಮೇಡಂಗೆ ಹೇಳಿಬಿಡ್ಲಾ ಅತ್ತೆ?" ಎಂದೆ.

"ಬೇಡ ಅಂತ ಯಾರಂದ್ರು?" ಎಂದು ರೇಗಿದರು. ಮರುಗಳಿಗೆಗೆ ಒಲೆಯ ಮುಂದೆ ಕುಸಿದು ಕೂತರು. "ಮುಖ ತೋರಿಸ್ಬೇಡ ಅಂದೋಳು ನಾನು ಕಣೆ. ಈಗ ಜಾಲರಿ ಕಟ್ಟಿಸಿ ಕದ್ದು ನೋಡ್ಲಾ? ನೋಡ್ದಾಗ ಆ ಮುಖದಲ್ಲಿ ಇನ್ನೂ ಕೋಪಾನೇ ಇದ್ರೆ? ಇಷ್ಟು ವರ್ಷ ನಾನು ಅವಳನ್ನ ನಗಿಸ್ಕಂಡು ಬಂದಿದೀನಿ."

ನಾನು ಗೂಡಿನಲ್ಲಿದ್ದ ಬೋರಲು ಲೋಟವನ್ನು ನೋಡುತ್ತ ನಿಂತೆ.

ಆ ದಿನ ಬಂದಿತು. ಐದಕ್ಕೇ ಹಜಾರ ತುಂಬಿ, ಕಿಟಕಿಯ ಸರಳುಗಳಿಗೂ ಜನ ಜೋತುಬಿದ್ದಿದ್ದರು. ಗುರುಮಲ್ಲಪ್ಪನವರು ಇಸ್ತ್ರಿ ಮಾಡಿದ ಹಳೆಯ ಖಾಕಿ ಅಂಗಿ ತೊಟ್ಟು ಎಲ್ಲರನ್ನೂ ಬಸ್ಸಿನಲ್ಲಿ ಕೂರಿಸುವಂತೆ ಒತ್ತಿ ಒತ್ತಿ ಕೂರಿಸುತ್ತಿದ್ದರು. ಮೇಡಂ ಟ್ಯೂಬಿನ ಕೊರಳಿಗೆ ಒಂದು ಕಿಂಡಿ ಮಾಡಿ, ಗಾಳಿ ಎಳೆಯುವ ಪಂಪು ಜೋಡಿಸಿದ್ದರು. "ಚಂಪಾ, ನಿಮ್ಮ ಚಿತ್ರ ಯಾವ ಕಡೆಗೆ ತಿರುಗುತ್ತೆ?" ಎಂದು ನನ್ನನ್ನು ಕೇಳಿದರು. ಬಳೆ ಹಿಡಿದು ಅನುಭವವಿದ್ದವಳು ನಾನಲ್ಲವೇ? "ಎಡಕ್ಕೆ," ಎಂದೆ ಗತ್ತಿನಿಂದ. ಅವರು ಜಾಲರಿ ಇಟ್ಟು, ಪಂಪು ಓಡಿಸಿ, ಟಿವಿ ಹಾಕಿದರು.

ಕಪ್ಪು ಮುಚ್ಚಲಿಲ್ಲ. ಬೆಳೆಯಿತು. ರೊಟ್ಟಿಯಷ್ಟಿದ್ದದ್ದು ಮೊರದಷ್ಟಾಗಿ, ಅಡುಗೆ ಕಾರ್ಯಕ್ರಮದ ಒಲೆಯನ್ನೂ ಬಾಣಲೆಯನ್ನೂ ಅಡುಗೆಯವಳನ್ನೂ ನುಂಗಿಹಾಕಿತು. ಅಂಚಿನಲ್ಲಿ ಒಂದು ಕರಿಬೇವಿನ ಎಸಳು ಉಳಿಯಿತು. ಜನ ಗೊಳ್ಳೆಂದರು. ಮೇಡಂ ತಲೆಯ ಮೇಲೆ ಕೈಹೊತ್ತು, "ಅಂದ್ರೆ ಮುರಿ ಬಿಚ್ಚೋ ಬದಲು ಇನ್ನೊಂದು ಸುತ್ತು ಸೇರಿಕೊಂಡಿದೆ. ನಿಮ್ಮದು ಬಲಮುರಿ ಬೀದಿ ಅಲ್ವಾ? ಮತ್ತೆ ಎಡಕ್ಕೆ ಹೇಗೆ? ನನಗೆ ಅರ್ಥ ಆಗ್ತಿಲ್ಲ," ಎಂದು ಗೊಣಗತೊಡಗಿದರು. ಇಷ್ಟು ವರ್ಷ ಟಿವಿಯ ಬೆನ್ನನ್ನೇ ನೋಡಿದವಳಿಗೆ ನನ್ನ ತಪ್ಪು ಆಗಲೂ ಹೊಳೆಯಲಿಲ್ಲ. ನಾನು ಅತ್ತೆಯನ್ನು ನೋಡಿದೆ. ಅವರ ಮುಖದಲ್ಲಿ ದೊಡ್ಡ ನಿರಾಳವಿತ್ತು. ಇನ್ನು ಯಾರೂ ಅವರನ್ನು ಏನೂ ಕೇಳುವಂತಿರಲಿಲ್ಲ. ಮಣೆ ಎಳೆದುಕೊಂಡು ಪರದೆಯ ಪಕ್ಕ ಕೂತರು. ಹತ್ತಿ ತೆಗೆದುಕೊಂಡರು. ಒಂದು ಎಳೆ ಹೊಸೆದರು, ಬಿಚ್ಚಿದರು, ಮತ್ತೆ ಹೊಸೆದರು. ಎದ್ದು ನಿಂತರು, ಕೂತರು.

"ಅವಳು ಹಿಂದೆ ಕೂತ್ಕಳೋಳು," ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. "ಅವಳ ಎಡ ನಮ್ಮ ಬಲ. ತಿರುಗಿಸಿ ಹಾಕಿ ಮೇಡಂ. ಬೇಗ ಹಾಕಿ, ಏಳಾಯ್ತಾ ಬಂತು."

ಜಾಲರಿ ತೆಗೆದು ಮಗ್ಗುಲು ಬದಲಿಸಿ ಪಂಪು ಮತ್ತೆ ಗಾಳಿ ಎಳೆದು ಮುಗಿಸುವಷ್ಟರಲ್ಲಿ ಸುದ್ದಿ ಶುರುವಾಗಿತ್ತು. ಮೊದಲು ದನಿ ಬಂತು. ಆಮೇಲೆ ಚಿತ್ರ ಬಂತು, ತಿರುಗಲಿಲ್ಲ. ಬಳೆ ಹಿಡಿಯುವ ಕೆಲಸ ಇಲ್ಲವಾಗಿ ನಾನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಎಲ್ಲರ ಜೊತೆ ಟಿವಿಯ ಮುಂದೆ ಕೂತೆ. ಕಪ್ಪು ಚುಕ್ಕೆ ಅಂಚಿನಿಂದ ಕರಗುತ್ತ ಕರಗುತ್ತ ಬಟಾಣಿಯಷ್ಟಾಗಿ ಇಲ್ಲವಾಯಿತು. "ಒಂದೇ ಸುತ್ತು! ಒಂದೇ!" ಎಂದು ಕೂಗಿ ಮೇಡಂ ಗುರುಮಲ್ಲಪ್ಪನವರನ್ನು ಅಪ್ಪಿಕೊಂಡರು.

ವನಜಾಕ್ಷಿಯ ಕೆನ್ನೆ ತುಂಬಿಕೊಂಡಿರಲಿಲ್ಲ. ಮೂಗುಬೊಟ್ಟು ಇರಲಿಲ್ಲ. ಕನ್ನಡಕ ಬಂದಿತ್ತು, ಬೈತಲೆಯ ಪಕ್ಕ ಬೆಳ್ಳಿಯ ಎಳೆಗಳು ಕಾಣುತ್ತಿದ್ದವು. ನಗುತ್ತಿರಲಿಲ್ಲ. ಥೇಟು ನಮ್ಮತ್ತೆಯದೇ ಮುಖ. ಅತ್ತೆ ಅದನ್ನು ನೋಡಿದರು. ಆದರೆ ನಮ್ಮೂರಿನವರ ಕಣ್ಣಿಗೆ ಪರದೆಯ ನಡುವಿನಲ್ಲಿ ನಿಂತು ಅಭ್ಯಾಸವಿಲ್ಲ. ಅಷ್ಟು ಹೊತ್ತು ಕಾದು, ಅಷ್ಟು ಆಸೆಪಟ್ಟು, ಮುಖದ ಮೇಲೆ ಇಟ್ಟ ದೃಷ್ಟಿ ಎಲ್ಲರದೂ ತಾನಾಗಿ ಅಂಚಿಗೆ ಜಾರುತ್ತಿತ್ತು. ಗುರುಮಲ್ಲಪ್ಪನವರು ಕಣ್ಣುಜ್ಜಿಕೊಳ್ಳುತ್ತ, "ಇದೇನ್ ಗ್ರಾಚಾರ, ಮಧ್ಯದಲ್ಲಿ ನಿಲ್ಲಾಕೇ ಒಲ್ಲೆ ಅಂತದೆ," ಎಂದು ಬೈದುಕೊಂಡರು. ಕಪ್ಪನ್ನು ದಿಟ್ಟಿಸಿ ಪಳಗಿದ್ದ ಅತ್ತೆಗೂ ಹಾಗೆಯೇ ಆಯಿತು. ದಿಟ್ಟಿಸಲು ಕಪ್ಪೇ ಇರಲಿಲ್ಲ. ಅವರ ನೋಟ ಮಗಳ ಮುಖದಿಂದ ಜಾರಿ, ಭುಜದ ಸುತ್ತ ಹೊರಳಿ, ಮೇಜಿನ ಮೇಲಿಳಿದು, ಮೂಲೆಯಲ್ಲಿ ನಿಂತುಬಿಟ್ಟಿತು.

ಮೇಜಿನ ಮೂಲೆಯಲ್ಲಿ ಒಂದು ಸ್ಟೀಲ್ ಲೋಟವಿತ್ತು. ಅಂಥ ಗಾಜಿನ ಮೇಜಿನ ಮೇಲೆ ಯಾರೂ ಇಡದಂಥ, ಕಂಠಕ್ಕೆ ಬಳೆಯಿದ್ದ ನಮ್ಮ ಕಡೆಯ ಲೋಟ. ನೆಟ್ಟಗೆ ಇತ್ತು. ಹವಾಮಾನದ ಸುದ್ದಿ ಮುಗಿಸಿ, ಕಾಗದ ಜೋಡಿಸಿ, ನಮಸ್ಕಾರ ಹೇಳುವ ಮೊದಲು ವನಜಾಕ್ಷಿ ಬೆರಳ ತುದಿಯಿಂದ ಅದನ್ನು ಒಂಚೂರು ಮುಂದಕ್ಕೆ ತಳ್ಳಿದಳು. ಕೈಯ ಆ ಚಲನೆಯಲ್ಲಿ ತಡವರಿಕೆ ಇರಲಿಲ್ಲ, ದಿನಾ ಮಾಡಿ ರೂಢಿಯಾದ ಹಾಗಿತ್ತು.

ಜಾಲರಿ ಚಿಟ್ಟೆಂದು ಸುಟ್ಟಿತು. ಕಪ್ಪು ಮರಳಿ ಅರಳಿ ಅವಳ ಮುಖವನ್ನು ಮುಚ್ಚಿತು. ಚಿತ್ರ ಮತ್ತೆ ತಿರುಗತೊಡಗಿತು. ಮೇಜಿನ ಮೇಲಿನ ಲೋಟ ಕಲಸಿಹೋಗಿ ಬರೀ ಒಂದು ಬಿಳಿಯ ಗೀರಾಯಿತು. ಇಷ್ಟು ವರ್ಷ ನಮ್ಮ ಹಜಾರದಲ್ಲಿ ಅದು ಸುತ್ತುತ್ತಲೇ ಇತ್ತು. ನೋಡಿ ಏನೂ ಹೇಳಲಿಲ್ವಾ ಎಂದು ಅವಳು ಫೋನಿನಲ್ಲಿ ಕೇಳುತ್ತಿದ್ದದ್ದು ಇದನ್ನು. ನನಗೆ ದುಃಖ ಉಕ್ಕಿ ಬಂತು. ನಮ್ಮ ಯಜಮಾನರು ಗೋಡೆಗೆ ಮುಖ ಮಾಡಿ ನಿಂತರು.

ಅತ್ತೆ ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಓಡಿದೆ. ಗೂಡಿನಲ್ಲಿದ್ದ ಲೋಟಕ್ಕೆ ಅವರು ಕೈಹಾಕಿದ್ದನ್ನು ಕಂಡು, "ಅತ್ತೆ, ಅದು ವನಜಾಂದು. ಅವಳೇ ಎತ್ತಬೇಕು," ಎಂದೆ.

"ಅವಳು ಯಾವತ್ತೋ ಎತ್ತಿ ಆಯ್ತು ಕಣೆ," ಎಂದರು. ಲೋಟದಡಿ ಗೂಡಿನ ಮೇಲೆ ಗುಂಡಗೆ ಒಂದು ಗುರುತು ಬಿದ್ದಿತ್ತು. ಹುಣಸೆಹಣ್ಣು ಹಚ್ಚಿ ಲೋಟವನ್ನು ತಿಕ್ಕಿ ತಿಕ್ಕಿ ತೊಳೆದರು, ಸೆರಗಿನಲ್ಲಿ ಒರೆಸಿದರು. ಬಹಳ ದಿನದ ಮೇಲೆ ಅವರ ಕೈ ಅವಸರ ಮಾಡುತ್ತಿರಲಿಲ್ಲ. ಲೋಟವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಜೊತೆಗೆ ನೀರಿನ ತಂಬಿಗೆಯನ್ನೂ ಇಟ್ಟುಕೊಂಡು ಹಜಾರಕ್ಕೆ ಬಂದರು.

ಜನ ಕದಲಿರಲಿಲ್ಲ. ಸುದ್ದಿ ಮುಗಿದು ಸಂಗೀತ ಬರುತ್ತಿತ್ತು, ಕಪ್ಪಿನ ಸುತ್ತ ವನಜಾಕ್ಷಿಯ ಸೆರಗು ಇನ್ನೂ ತಿರುಗುತ್ತಿತ್ತು. ಗುರುಮಲ್ಲಪ್ಪನವರು ಮಣೆ ಸರಿಸಿ ಕೊಟ್ಟು, "ಬಾ ತಿಮ್ಮಾಜಮ್ಮ, ಕೂತ್ಕೊ. ಈಗೇನ್ ಮಾಡ್ತಾವ್ಳೆ ನಿನ್ನ ಮಗಳು? ನಡು ಹೇಳು," ಎಂದರು.

ಅತ್ತೆ ಕೂರಲಿಲ್ಲ. ಚೀಲವನ್ನು ಎದೆಗವಚಿಕೊಂಡು ಆ ಕಪ್ಪನ್ನು ಒಂದು ಸಲ ನೋಡಿದರು.

"ನಂಗೊತ್ತಿಲ್ಲ ಕಣಪ್ಪ," ಎಂದರು. "ಹೋಗಿ ನೋಡ್ಕಂಡ್ ಬಂದು ಹೇಳ್ತೀನಿ."